ಅಧ್ಯಯನ ಮಂಡಳಿ ಒಪ್ಪಿದ ಪತ್ರಿಕೆ ಅಕಾಡೆಮಿಕ್ ಕೌನ್ಸಿಲ್‌ನಿಂದ ವಾಪಸ್ ಬಂದಿದೆ, ಮುಂದೇನು?

ಮುಳುಗಡೆ ನಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಸ್ವಾಯತ್ತ (ಪಠ್ಯಕ್ರಮ ತಾನೇ ರೂಪಿಸಿಕೊಳ್ಳುವ) ಪದವಿ ಕಾಲೇಜೊಂದರ ಅರ್ಥಶಾಸ್ತ್ರ ಅಧ್ಯಯನ ಮಂಡಳಿಯ, ಅಂದರೆ ಆ ವಿಷಯದ ಪಠ್ಯ ಸಿದ್ಧಪಡಿಸುವ ಸಮಿತಿಯ, ವಿಷಯ ಇದು. ಅಧ್ಯಕ್ಷತೆ ನನ್ನದು, ಮೊದಲ ವರ್ಷ. ಬಿ.ಎ. ಐದನೆಯ ಸೆಮಿಸ್ಟರಿನ ಹಳೆಯ ಐಚ್ಛಿಕ ಪತ್ರಿಕೆ ತೆಗೆದು ಆ ಜಾಗಕ್ಕೆ ‘ನೀರಾವರಿ, ಮುಳುಗಡೆ ಮತ್ತು ಪುನರ್ವಸತಿ’ ಎಂಬ ಪತ್ರಿಕೆ ತಂದಿದ್ದೇವೆ. ಹಳೆಯದು 4 ಕ್ರೆಡಿಟ್, ಪೂರ್ತಿ ಥಿಯರಿ. ಹೊಸದು 3 ಕ್ರೆಡಿಟ್ ಥಿಯರಿ, 1 ಕ್ರೆಡಿಟ್ ಕ್ಷೇತ್ರಕಾರ್ಯ. ಕ್ಷೇತ್ರಕಾರ್ಯಕ್ಕೆ ತೂಕ ಸಿಗಲೆಂದು ಆಂತರಿಕ ಅಂಕ 20ರಿಂದ 40ಕ್ಕೆ ಏರಿಸಿ, ಸೆಮಿಸ್ಟರ್ ಪರೀಕ್ಷೆಯನ್ನು 80ರಿಂದ 60ಕ್ಕೆ ಇಳಿಸಿದ್ದೇವೆ.

ಮಂಡಳಿಯಲ್ಲಿ 10 ಜನ. ಸಭೆಗೆ ಬಂದವರು 6: ವಿಭಾಗದ 5 ಅಧ್ಯಾಪಕರು, ಒಬ್ಬ ಹಳೆಯ ವಿದ್ಯಾರ್ಥಿ. ನಮ್ಮ ಬೈಲಾದಲ್ಲಿ ಕೋರಂ ಅರ್ಧ, ಹಾಗಾಗಿ ಲೆಕ್ಕಕ್ಕೆ ಸರಿಯಿದೆ. ಬಾರದ ನಾಲ್ವರೂ ಹೊರಗಿನವರು. ಅವರಲ್ಲಿ ಇಬ್ಬರು ವಾಟ್ಸಾಪಿನಲ್ಲಿ ‘ಒಪ್ಪಿಗೆ’ ಎಂದು ಬರೆದರು. ನಡಾವಳಿ, ಮಂಡಳಿಗಳ ಪ್ರಸ್ತಾವಕ್ಕೆ ಮಂಜೂರಾತಿ ಕೊಡುವ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಯಿತು. ಅಲ್ಲಿಂದ ಬಂದದ್ದು ಒಂದೇ ಸಾಲು: ‘ಮರುಪರಿಶೀಲನೆಗೆ ಹಿಂದಿರುಗಿಸಲಾಗಿದೆ.’

ಕಾರಣ ಹೇಳದೆ ಹಿಂದಿರುಗಿಸಬಹುದೇ? ವಾಟ್ಸಾಪ್ ಒಪ್ಪಿಗೆ ನಡೆಯುತ್ತದೆಯೇ? ‘ಸುತ್ತೋಲೆ ಹೊರಡಿಸಿ ಪಾಠ ಶುರು ಮಾಡೋಣ, ಮುಂದಿನ ಕೌನ್ಸಿಲ್‌ನಲ್ಲಿ ಘಟನೋತ್ತರ ಮಂಜೂರಾತಿ ಪಡೆದರಾಯಿತು’ ಎಂಬ ಸಲಹೆ ಕಾಲೇಜಿನೊಳಗೇ ಬಂದಿದೆ, ಅದು ಸರಿಯೇ? 2024-25ರಲ್ಲಿ ಸೇರಿದವರು 2026-27ಕ್ಕೆ ಐದನೆಯ ಸೆಮಿಸ್ಟರಿಗೆ ಬರುತ್ತಾರೆ. ಈ ಪತ್ರಿಕೆ ಅವರಿಗೇ ಸಿಗಲಿ ಎಂಬ ಆಸೆ.


ಘಟಪ್ರಭಾ

ಹಿಂದಿರುಗಿಸಬಹುದು, ಆದರೆ ಕಾರಣ ಕೊಡಲೇಬೇಕು. ಸ್ವಾಯತ್ತ ಕಾಲೇಜುಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿರುವ ನಿಯಮಗಳಲ್ಲೇ ಇದು ಸ್ಪಷ್ಟವಾಗಿದೆ. ಅಧ್ಯಯನ ಮಂಡಳಿಯ ಪ್ರಸ್ತಾವವನ್ನು ಕೌನ್ಸಿಲ್ ಇದ್ದ ಹಾಗೆ ಒಪ್ಪಬಹುದು, ತಿದ್ದಿ ಒಪ್ಪಬಹುದು. ಒಪ್ಪದಿದ್ದರೆ ಕಾರಣ ಕೊಟ್ಟು ಮಂಡಳಿಗೆ ವಾಪಸ್ ಕಳಿಸಬೇಕು, ಇಲ್ಲವೇ ಕಾರಣ ಕೊಟ್ಟು ತಿರಸ್ಕರಿಸಬೇಕು. ಒಂದೇ ಸಾಲಿನ ವಾಪಸಾತಿ ಅರ್ಧ ಠರಾವು ಮಾತ್ರ.

ಆದರೆ ಇದನ್ನು ಜಗಳದ ದಾರಿ ಮಾಡಿಕೊಳ್ಳಬೇಡಿ. ಹೆಚ್ಚಿನ ಕಡೆ ಕಾರಣವನ್ನು ಸಭೆಯಲ್ಲಿ ಬಾಯಲ್ಲಿ ಹೇಳಿರುತ್ತಾರೆ, ನಡಾವಳಿ ಟೈಪ್ ಮಾಡುವವರು ಬಿಟ್ಟಿರುತ್ತಾರೆ. ಎಲ್ಲ ವಿಭಾಗ ಮುಖ್ಯಸ್ಥರೂ ಕೌನ್ಸಿಲ್ ಸದಸ್ಯರೇ, ಅಂದರೆ ಅಂದು ಏನು ಚರ್ಚೆಯಾಯಿತೆಂದು ಬಲ್ಲವರು ನಿಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಅವರನ್ನು ಕೇಳಿ, ಆದರೆ ಫೈಲಿಗೆ ಬಾಯಿಮಾತು ಸಾಲದು. ಕೌನ್ಸಿಲ್‌ನ ಸದಸ್ಯ ಕಾರ್ಯದರ್ಶಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ: ಇಂಥ ದಿನಾಂಕದ ಸಭೆ, ಇಂಥ ಕಾರ್ಯಸೂಚಿ ಸಂಖ್ಯೆ, ಆ ವಿಷಯದ ಚರ್ಚೆ ಮತ್ತು ಹಿಂದಿರುಗಿಸಲು ಕಾರಣ ಇರುವ ದೃಢೀಕೃತ ಉದ್ಧೃತ ಭಾಗ ಕೊಡಿ. ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ.

ಈಗ ನನ್ನ ಊಹೆ. ನಿಮ್ಮ ಪ್ರಸ್ತಾವದಲ್ಲಿ ಎರಡು ಬೇರೆ ಬೇರೆ ಜಾತಿಯ ವಿಷಯ ಒಂದೇ ಠರಾವಿನೊಳಗೆ ಸೇರಿಕೊಂಡಿವೆ. ಪತ್ರಿಕೆಯ ಘಟಕಗಳು, ಪುಸ್ತಕಗಳು, ಗಂಟೆಗಳು ಪಠ್ಯಕ್ರಮ. ಇದು ಮಂಡಳಿಯ ಸ್ವಂತ ಹೊಲ. ಆಂತರಿಕ ಅಂಕ 20 ಇರಬೇಕೋ 40 ಇರಬೇಕೋ ಎಂಬುದು ಪರೀಕ್ಷಾ ನಿಯಮಾವಳಿ. ಬಿ.ಎ.ಗೆಲ್ಲ 20:80 ಎಂದು ನಿಮ್ಮ ಕಾಲೇಜಿನ ನಿಯಮಾವಳಿಯಲ್ಲಿ ಇದ್ದರೆ, ಒಂದು ವಿಭಾಗದ ಮಂಡಳಿ ಒಂದು ಪತ್ರಿಕೆಗೆ ಮಾತ್ರ ಅದನ್ನು ಮುರಿಯಲಾಗದು. ನಿಯಮಾವಳಿಗೇ ತಿದ್ದುಪಡಿ ಬೇಕು: ‘ಕ್ಷೇತ್ರಕಾರ್ಯ ಅಥವಾ ಪ್ರಾಯೋಗಿಕ ಅಂಶವಿರುವ ಪತ್ರಿಕೆಗಳಿಗೆ 40:60’ ಎಂಬಂಥ ಸಾಮಾನ್ಯ ಷರತ್ತು, ಪರೀಕ್ಷಾ ನಿಯಂತ್ರಕರ ಅಭಿಪ್ರಾಯದೊಂದಿಗೆ. ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮದಲ್ಲಿ 40:60 ಇದ್ದದ್ದರಿಂದ ಅನೇಕ ಅಧ್ಯಾಪಕರಿಗೆ ಅದು ಸಹಜ ಅನ್ನಿಸುತ್ತದೆ. ಆದರೆ ಅದು ಎನ್‌ಇಪಿ ಅಡಿ ಸೇರಿದ ಬ್ಯಾಚ್‌ಗಳ ನಿಯಮ.

ಆದ್ದರಿಂದ ಪ್ರಸ್ತಾವವನ್ನು ಒಡೆದು ಎರಡು ಮಾಡಿ. ಮೊದಲನೆಯದು, ಹೊಸ ಪತ್ರಿಕೆ, ಈಗಿನ 20:80ರಲ್ಲೇ. ಎರಡನೆಯದು, ನಿಯಮಾವಳಿ ತಿದ್ದುಪಡಿಗೆ ಶಿಫಾರಸು. ಒಂದು ಸಿಕ್ಕಿಬಿದ್ದರೆ ಇನ್ನೊಂದು ನಿಲ್ಲಬಾರದು. 20 ಅಂಕದೊಳಗೂ 10 ಪರೀಕ್ಷೆಗೆ, 10 ಕ್ಷೇತ್ರ ವರದಿಗೆ ಎಂದು ಹಂಚುವುದು ಸಾಧ್ಯ.

ಮರುಸಭೆಗೆ ಹೋಗುವಾಗ ಇವು ಕೈಯಲ್ಲಿರಲಿ. ಹಳೆಯ ಮತ್ತು ಹೊಸ ಪತ್ರಿಕೆಯ ಘಟಕವಾರು ಹೋಲಿಕೆ ಪಟ್ಟಿ, ಅದರಲ್ಲಿ ಪ್ರತಿ ಘಟಕಕ್ಕೆ ಗಂಟೆ. ಬದಲಾವಣೆಗೆ ಕಾರಣ, ಒಂದು ಪ್ಯಾರಾ. ಪ್ರಶ್ನೆಪತ್ರಿಕೆಯ ಮಾದರಿ. ಗ್ರಂಥಾಲಯದಲ್ಲಿ ಯಾವ ಪುಸ್ತಕದ ಎಷ್ಟು ಪ್ರತಿ ಇವೆ ಎಂಬುದು, ಕನ್ನಡ ಮಾಧ್ಯಮದವರಿಗೆ ಏನಿದೆ ಎಂಬುದು ಸಹ. ಈ ಕಡೆಯದನ್ನು ಬಹಳ ಮಂಡಳಿಗಳು ಮರೆಯುತ್ತವೆ. ಇಂಗ್ಲಿಷ್ ವರದಿಗಳನ್ನಷ್ಟೇ ಪಟ್ಟಿ ಮಾಡಿ, ಮಕ್ಕಳು ಗೈಡ್ ಓದಿ ಬರೆದರು ಎಂದು ದೂರುವುದು ನ್ಯಾಯವಲ್ಲ. ಅಧ್ಯಾಪಕರ ಕಾರ್ಯಭಾರದ ಲೆಕ್ಕವೂ ಬೇಕು. ಅದಿಲ್ಲದ ಪ್ರಸ್ತಾವವನ್ನು ಪ್ರಾಚಾರ್ಯರು ಕಣ್ಣುಮುಚ್ಚಿ ಒಪ್ಪುವುದಿಲ್ಲ.


ತೊರವಿ ರಸ್ತಾ

ಮೂರನೇದ್ದಕ್ಕ ನಾ ಉತ್ತರ ಕೊಡ್ತೀನ್ರಿ. ಆ ಸುತ್ತೋಲೆ ಹೊರಡಿಸಬ್ಯಾಡ್ರಿ.

ಘಟನೋತ್ತರ ಮಂಜೂರಾತಿ ಅನ್ನೂದು ಅಧಿಕಾರ ಇದ್ದವರು ತುರ್ತಿನ್ಯಾಗ ಮಾಡಿದ ಕೆಲಸಕ್ಕ. ಅಧಿಕಾರ ಇಲ್ಲದವರು ಮಾಡಿದ್ದಕ್ಕ ಆಮ್ಯಾಲ ಜೀವಾ ತುಂಬೂದಕ್ಕ ಅಲ್ಲ. ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯೊಳಗ ಕುಲಪತಿಗಳಿಗೆ ತುರ್ತು ಅಧಿಕಾರ ಅದ, ಅದೂ ಮುಂದಿನ ಸಭಾಕ್ಕ ವರದಿ ಮಾಡೂ ಕರಾರಿನ ಮ್ಯಾಲ. ಸ್ವಾಯತ್ತ ಕಾಲೇಜಿನ ಪ್ರಾಚಾರ್ಯರಿಗೂ ಹಂಗ ಅದ ಅನ್ನೂದಾದ್ರ ನಿಮ್ಮ ಬೈಲಾದಾಗಿನ ಕಲಂ ತೋರಸಂತ ಕೇಳ್ರಿ. ಇನ್ನ ನಿಮ್ಮ ಪ್ರಕರಣದಾಗ ಕೌನ್ಸಿಲ್ ಸುಮ್ಮನ ಕುಂತಿಲ್ಲ, ನೋಡಿ ವಾಪಸ್ ಕಳಸ್ಯಾರ. ವಾಪಸ್ ಬಂದ ವಿಷಯಾನ ಸುತ್ತೋಲೆಯಿಂದ ಜಾರಿ ಮಾಡಿದ್ರ ಕೌನ್ಸಿಲ್ ಮಾತಿಗೆ ಬೆಲಿ ಇಲ್ಲ ಅಂದಂಗ ಆಗ್ತದ. ನಾಳೆ ಇದೇ ಸುತ್ತೋಲೆ ನಿಮ್ಮ ಮಂಡಳಿ ವಿರುದ್ಧನೂ ಬರ್ತದ.

ಏನ ಕೆಡ್ತದ ನೋಡ್ರಿ. ಜುಲೈ-ಆಗಸ್ಟ್‌ದಾಗ 40 ಅಂಕದ ಲೆಕ್ಕಕ್ಕ ಪಾಠ ಶುರು ಮಾಡ್ತೀರಿ. ಹುಡುಗರು ಎರಡ ಟೆಸ್ಟ್ ಬರೀತಾರ, ಸರ್ವೇ ಮಾಡ್ತಾರ, ವರದಿ ಕೊಡ್ತಾರ. ನವೆಂಬರ್‌ನ್ಯಾಗ ಕೌನ್ಸಿಲ್ ಮತ್ತ ‘ಒಲ್ಲೆ’ ಅಂತದ. ಪರೀಕ್ಷಾ ವಿಭಾಗದ ಸಾಫ್ಟ್‌ವೇರ್‌ದಾಗ ಆ ಕೋಡಿಗೆ ಗರಿಷ್ಠ 20 ಅಂತ ಇರ್ತದ, 34 ಹಾಕಿದ್ರ ತೊಗೊಳ್ಳಂಗಿಲ್ಲ. ಅರ್ಧಾ ಮಾಡಿ 17 ಹಾಕ್ರಿ ಅಂತಾರ. ಇತ್ತ ಸೆಮಿಸ್ಟರ್ ಪರೀಕ್ಷಾ 60ಕ್ಕ ಓದಿದವರು 80ಕ್ಕ ಬರೀಬೇಕು. ಫಲಿತಾಂಶ ತಡೆ ಹಿಡೀತಾರ. ಪದವಿ ಕೊಡೂದು ವಿಶ್ವವಿದ್ಯಾಲಯ, ಕಾಲೇಜಲ್ಲ. ಅಂಕಪಟ್ಟಿ ಮಂಜೂರಾದ ಸ್ಕೀಮಿಗೆ ಹೊಂದಲಿಲ್ಲಂದ್ರ ಘಟಿಕೋತ್ಸವದ ಅರ್ಜಿ ಹಾಕೂ ಹೊತ್ತಿಗೆ ಸಿಕ್ಕಿಬೀಳ್ತದ. ತಿರುಗೂದು ಹುಡುಗರು, ನಾವಲ್ಲ.

ಅವಸರ ಇದ್ರ ಕೌನ್ಸಿಲ್‌ನ ವಿಶೇಷ ಸಭಾ ಕರೀರಿ ಅಂತ ಪ್ರಾಚಾರ್ಯರಿಗೆ ಬರೀರಿ. ವರ್ಷಕ್ಕ ಕನಿಷ್ಠ ಇಷ್ಟ ಸಭಾ ಆಗಬೇಕು ಅಂತ ಇರ್ತದ, ಇದಕ್ಕಿಂತ ಹೆಚ್ಚ ಆಗಬಾರದು ಅಂತ ಎಲ್ಲೂ ಇರಂಗಿಲ್ಲ.


ಕೋಟೆ ಕೆರೆ, ಬೆಳಗಾವಿ

ಕಾರ್ಯಭಾರದ ಮಾತು ಬಂತು, ಅದರ ಲೆಕ್ಕ ಹಾಕಿಯೇ ನೋಡಿ. 4 ಕ್ರೆಡಿಟ್ ಥಿಯರಿಯನ್ನು 3+1 ಮಾಡಿದರೆ ಕ್ರೆಡಿಟ್ ಅಷ್ಟೇ ಉಳಿಯುತ್ತದೆ, ಗಂಟೆ ಉಳಿಯುವುದಿಲ್ಲ. ಇಲ್ಲೇ ಬಹುಪಾಲು ಪ್ರಸ್ತಾವ ಎಡವುವುದು.

15 ವಾರದ ಸೆಮಿಸ್ಟರ್ ಎಂದುಕೊಳ್ಳಿ. 1 ಕ್ರೆಡಿಟ್ ಥಿಯರಿ ಎಂದರೆ ವಾರಕ್ಕೆ 1 ಗಂಟೆ, ಒಟ್ಟು 15. 1 ಕ್ರೆಡಿಟ್ ಪ್ರಾಯೋಗಿಕ ಅಥವಾ ಕ್ಷೇತ್ರಕಾರ್ಯ ಎಂದರೆ ವಾರಕ್ಕೆ 2 ಗಂಟೆ, ಒಟ್ಟು 30. ಹಳೆಯ ಪತ್ರಿಕೆಗೆ 60 ಗಂಟೆ ಸಾಕಿತ್ತು. ಹೊಸದಕ್ಕೆ 45+30, ಅಂದರೆ 75. ಇದು ವಿದ್ಯಾರ್ಥಿಯ ಲೆಕ್ಕ. ಅಧ್ಯಾಪಕರ ಲೆಕ್ಕ ಬೇರೆ. 60 ಮಕ್ಕಳನ್ನು 20ರ ಮೂರು ತಂಡ ಮಾಡಿದರೆ 45+90=135 ಗಂಟೆ, ವಾರಕ್ಕೆ 9. 30ರ ಎರಡು ತಂಡವಾದರೆ 105, ವಾರಕ್ಕೆ 7. ಮೊದಲು ಇದ್ದದ್ದು ವಾರಕ್ಕೆ 4. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14. ಒಂದು ಐಚ್ಛಿಕ ಪತ್ರಿಕೆಯೇ 9 ಗಂಟೆ ನುಂಗಿದರೆ ಉಳಿದ ಸೆಮಿಸ್ಟರುಗಳನ್ನು ಯಾರು ನೋಡಬೇಕು? ಅತಿಥಿ ಉಪನ್ಯಾಸಕರು ಬೇಕಾಗುತ್ತಾರೆ, ಅಂದರೆ ದುಡ್ಡು. ದುಡ್ಡಿನ ವಿಷಯ ಹಣಕಾಸು ಸಮಿತಿ ಮತ್ತು ಆಡಳಿತ ಮಂಡಳಿಯದು. ಅದನ್ನು ನೋಡದೆ ಕೌನ್ಸಿಲ್ ‘ಮಂಜೂರು’ ಎಂದರೆ ವೇಳಾಪಟ್ಟಿ ಕೂರುವುದಿಲ್ಲ.

ದಾರಿ ಇದೆ. ಕ್ಷೇತ್ರಕಾರ್ಯವನ್ನು ವಾರಕ್ಕೆ 2 ಗಂಟೆ ಎಂದು ಹರಡದೆ ಗುಂಪಾಗಿ ಇಡಿ: ಪ್ರಶ್ನಾವಳಿ ತಯಾರಿಗೆ ತರಗತಿಯಲ್ಲಿ 6 ಗಂಟೆ, ಪುನರ್ವಸತಿ ಕೇಂದ್ರಗಳಿಗೆ ಎರಡು ದಿನ ತಲಾ 6 ಗಂಟೆ, ಕೋಷ್ಟಕ ಮಾಡಲು 6, ವರದಿ ಮತ್ತು ಮೌಖಿಕ ಪರೀಕ್ಷೆಗೆ 6. ಒಟ್ಟು 30. ತಯಾರಿ ಮತ್ತು ಕೋಷ್ಟಕದ 12 ಗಂಟೆ ಇಡೀ ತರಗತಿಗೆ ಒಟ್ಟಿಗೇ ನಡೆಯಲಿ. ಭೇಟಿ ಮತ್ತು ಮೌಖಿಕದ 18 ಗಂಟೆಗೆ ಮಾತ್ರ ತಂಡ. ಎರಡು ತಂಡಕ್ಕೆ ಅಧ್ಯಾಪಕರ ಹೊರೆ 45+12+36=93, ವಾರಕ್ಕೆ 6ರ ಆಸುಪಾಸು. ಇದನ್ನು ಕೌನ್ಸಿಲ್ ಮುಂದೆ ಧೈರ್ಯವಾಗಿ ಇಡಬಹುದು. ನಿಮ್ಮಲ್ಲಂತೂ ಮುಳುಗಡೆಯವರಿಗೆಂದು ಕಟ್ಟಿದ ನವನಗರವೇ ಕ್ಷೇತ್ರ, ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು. ಬಸ್ ಬಾಡಿಗೆಯ ವಂತಿಗೆ ಎಂದು ಮಕ್ಕಳಿಂದ ಎತ್ತಬೇಡಿ. ಶುಲ್ಕ ನಿಗದಿ ಆಡಳಿತ ಮಂಡಳಿಯ ಕೆಲಸ, ವಿಭಾಗದ್ದಲ್ಲ.

ಇನ್ನು ವಾಟ್ಸಾಪ್. ಕೋರಂ ಆಗಿದೆ, ಇಬ್ಬರು ಸಂದೇಶ ಕಳಿಸಿದ್ದಾರೆ, ಅದನ್ನು ನಡಾವಳಿಗೆ ಲಗತ್ತಿಸಿದರೆ ಸಾಕು ಎಂದು ನನಗನ್ನಿಸುತ್ತದೆ.


ಘಟಪ್ರಭಾ

ಗಂಟೆಯ ಲೆಕ್ಕ ಬಹಳ ಚೆನ್ನಾಗಿದೆ. ವಾಟ್ಸಾಪ್ ವಿಷಯದಲ್ಲಿ ಒಪ್ಪಲಾರೆ.

ಮಂಡಳಿಯಲ್ಲಿ ಹೊರಗಿನವರು ಯಾಕೆ ಇದ್ದಾರೆ ನೋಡಿ. ವಿಭಾಗದ ಅಧ್ಯಾಪಕರ ಜೊತೆಗೆ ಹೊರಗಿನ ಇಬ್ಬರು ವಿಷಯ ತಜ್ಞರು, ಕುಲಪತಿಗಳು ನಾಮನಿರ್ದೇಶನ ಮಾಡಿದ ಒಬ್ಬರು, ಉದ್ಯಮ ಅಥವಾ ಉದ್ಯೋಗ ಕ್ಷೇತ್ರದ ಒಬ್ಬರು, ಒಬ್ಬ ಹಳೆಯ ವಿದ್ಯಾರ್ಥಿ. ಪಠ್ಯಕ್ರಮ ಮಾಡುವವರು, ಪಾಠ ಹೇಳುವವರು, ಪ್ರಶ್ನೆ ತೆಗೆಯುವವರು ಎಲ್ಲರೂ ಅದೇ 5 ಜನ ಆಗಿಬಿಡಬಾರದು ಎಂಬುದಕ್ಕೇ ಈ ರಚನೆ. ನಾಲ್ವರೂ ಇಲ್ಲದ ಸಭೆ ಕೋರಂ ಮುಟ್ಟಿದರೂ ಕೌನ್ಸಿಲ್‌ನಲ್ಲಿರುವ ವಿಶ್ವವಿದ್ಯಾಲಯದ ಮೂವರು ಪ್ರತಿನಿಧಿಗಳು ಹಾಜರಿ ಪಟ್ಟಿಯನ್ನೇ ಮೊದಲು ನೋಡುತ್ತಾರೆ. ‘ಒಪ್ಪಿಗೆ’ ಎಂಬ ಒಂದು ಪದದಲ್ಲಿ ಯಾವ ಕರಡಿಗೆ ಒಪ್ಪಿಗೆ, ಅಂಕ ಬದಲಾವಣೆಗೂ ಒಪ್ಪಿಗೆಯೇ ಎಂಬುದು ತಿಳಿಯುವುದಿಲ್ಲ.

ಹೀಗೆ ಮಾಡಿ. ಕರಡಿನ ಪ್ರತಿ ಪುಟಕ್ಕೂ ‘ಕರಡು 2’ ಎಂದು ಆವೃತ್ತಿ ಸಂಖ್ಯೆ ಹಾಕಿ, ಸಭೆಗೆ 10 ದಿನ ಮೊದಲು ಎಲ್ಲರಿಗೂ ಕಾಲೇಜಿನ ಅಧಿಕೃತ ಇಮೇಲಿನಿಂದ ಕಳಿಸಿ. ದೂರದವರಿಗೆ ಆನ್‌ಲೈನ್ ಹಾಜರಿ ಕೊಡಿ, ಬೈಲಾ ಅದಕ್ಕೆ ಅವಕಾಶ ಕೊಡುತ್ತದೆಯೇ ನೋಡಿಕೊಂಡು. ಅದೂ ಆಗದವರು ಲಿಖಿತ ಅಭಿಪ್ರಾಯ ಕಳಿಸಲಿ. ಆದರೆ ಅದನ್ನು ‘ಹಾಜರಿ’ ಎಂದು ಎಣಿಸಬೇಡಿ, ‘ಸ್ವೀಕರಿಸಿದ ಅಭಿಪ್ರಾಯ’ ಎಂದೇ ನಡಾವಳಿಯಲ್ಲಿ ಬರೆಯಿರಿ. ಯಾರಾದರೂ ಒಪ್ಪದಿದ್ದರೆ ಅವರ ಭಿನ್ನಾಭಿಪ್ರಾಯವನ್ನೂ ಎರಡು ಸಾಲಿನಲ್ಲಿ ದಾಖಲಿಸಿ. ‘ಸರ್ವಾನುಮತದಿಂದ’ ಎಂದು ಅಭ್ಯಾಸಬಲದಿಂದ ಬರೆದ ಮಾತು ಆಮೇಲೆ ಬಹಳ ತೊಂದರೆ ಕೊಡುತ್ತದೆ.

ಇನ್ನೊಂದು: ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ ಬೆಳಗಾವಿಗೆ ಬಂದಾಗ ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದಕ್ಕೇ ಸೇರಿದ್ದವು, ಆಮೇಲೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆಯಿತು. ನಿಮ್ಮ ಮಂಡಳಿಯ ನಾಮನಿರ್ದೇಶಿತರು ಈಗಿನ ಮಾತೃ ವಿಶ್ವವಿದ್ಯಾಲಯದಿಂದ ಬಂದವರೇ, ಅವರ ಅವಧಿ ಮುಗಿದಿಲ್ಲವೇ ಎಂದು ಆದೇಶದ ದಿನಾಂಕ ನೋಡಿಕೊಳ್ಳಿ. ಅವಧಿ ಮುಗಿದವರನ್ನು ಕರೆದು ನಡೆಸಿದ ಸಭೆಗೆ ಆಕ್ಷೇಪ ಬಂದರೆ ಉತ್ತರವಿರುವುದಿಲ್ಲ.


ಮಲಪ್ರಭಾ ದಂಡಿ

ಸ್ವಾಯತ್ತ ಅಲ್ಲದ ಕಾಲೇಜಿನವರು ಇದನ್ನು ಓದಿ ಗೊಂದಲ ಮಾಡಿಕೊಳ್ಳಬಾರದು. ಸಂಯೋಜಿತ ಕಾಲೇಜಿನಲ್ಲಿ ಪಠ್ಯಕ್ರಮ ಬದಲಿಸುವ ಮಂಡಳಿಯೇ ಇರುವುದಿಲ್ಲ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಅಲ್ಲಿಂದ ಡೀನರ ನಿಕಾಯ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತು (ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್), ಇದು ದಾರಿ. ನೀವು ಮಂಡಳಿಯ ಅಧ್ಯಕ್ಷರಿಗೆ ಪ್ರಾಚಾರ್ಯರ ಮೂಲಕ ಬರೆಯಬಹುದು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ 1994ರ ಬೇರೆಯೇ ಕಾಯ್ದೆ ಇದೆ, ಅಲ್ಲಿ ಪರಿಷತ್ತಿನ ಜಾಗದಲ್ಲಿ ಅಕಾಡೆಮಿಕ್ ಸೆನೆಟ್, ಸಿಂಡಿಕೇಟಿನ ಜಾಗದಲ್ಲಿ ಕಾರ್ಯಕಾರಿ ಪರಿಷತ್ತು. ಒಂದು ಕಡೆಯ ಕಲಂ ಇನ್ನೊಂದು ಕಡೆ ಓದಿ ವಾದಿಸಿದರೆ ಸೋಲುತ್ತೀರಿ.


ಮುಳುಗಡೆ ನಗರಿ

ಎಲ್ಲರಿಗೂ ಧನ್ಯವಾದ. ಉದ್ಧೃತ ಭಾಗ ಕೈಗೆ ಬಂತು. ಕಾರಣ ಮೂರು ಬರೆದಿದ್ದಾರೆ: ಅಂಕ ಹಂಚಿಕೆ ನಿಯಮಾವಳಿಗೆ ವಿರುದ್ಧ, ಕಾರ್ಯಭಾರದ ವಿವರ ಇಲ್ಲ, ಭೂಗೋಳ ವಿಭಾಗದ ಪತ್ರಿಕೆಯೊಂದರ ಜೊತೆ ಎರಡು ಘಟಕ ಪುನರಾವರ್ತನೆ. ಮೊದಲೆರಡಕ್ಕೆ ದಾರಿ ಸಿಕ್ಕಿತು. ಮೂರನೆಯದಕ್ಕೆ? ನಮ್ಮ ಘಟಕಗಳು ಹೀಗಿವೆ: ಕೃಷ್ಣಾ ಕಣಿವೆಯ ಭೂ ಲಕ್ಷಣ, ಕೃಷ್ಣಾ ಮೇಲ್ದಂಡೆ ಯೋಜನೆ ಮತ್ತು ನ್ಯಾಯಮಂಡಳಿಗಳು, ಕಾಲುವೆ ನೀರಾವರಿ ಮತ್ತು ಬೆಳೆ ಪದ್ಧತಿ, ಭೂಸ್ವಾಧೀನ ಮತ್ತು ಪುನರ್ವಸತಿ. ಮತ್ತು ಹಳೆಯ ಪತ್ರಿಕೆಯಲ್ಲಿ ಫೇಲಾದವರ ಗತಿ ಏನು ಎಂದೂ ಒಬ್ಬರು ಕೇಳಿದ್ದಾರೆ.


ಕೋಟೆ ಕೆರೆ, ಬೆಳಗಾವಿ

ಭೂಗೋಳದವರ ಆಕ್ಷೇಪ ಸರಿಯಾಗಿಯೇ ಇದೆ. ಮೊದಲ ಘಟಕ ಅವರದು, ಬಿಟ್ಟುಕೊಡಿ. ಮೂರನೆಯದರಲ್ಲಿ ಬೆಳೆ ಪದ್ಧತಿಯ ವಿವರಣೆ ಬಿಟ್ಟು ನೀರಿನ ದರ, ಕಬ್ಬಿಗೆ ಹೊರಳಿದ್ದರಿಂದ ಆದ ವೆಚ್ಚ ಮತ್ತು ಲಾಭ, ಸವಳು ಭೂಮಿಯಿಂದ ಆದ ನಷ್ಟ, ಇವನ್ನು ತನ್ನಿ. ಆಗ ಅದು ಅರ್ಥಶಾಸ್ತ್ರವಾಗುತ್ತದೆ.

ನಾಲ್ಕನೆಯ ಘಟಕವೇ ಈ ಪತ್ರಿಕೆಯ ಜೀವ. ಅಲ್ಲಿ ಗಂಟೆ ಹೆಚ್ಚಿಸಿ, 45ರಲ್ಲಿ 15 ಆದರೂ ಕೊಡಿ. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶೇ 30 ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಇತ್ತು. 2013ರ ಕಾಯ್ದೆಯಲ್ಲಿ ಅದು ಶೇ 100, ಗ್ರಾಮೀಣ ಭೂಮಿಯ ಮಾರುಕಟ್ಟೆ ಬೆಲೆಗೆ 1ರಿಂದ 2ರವರೆಗೆ ಗುಣಕ ಬೇರೆ. ಒಂದೇ ಎಕರೆಗೆ ಎರಡೂ ಕಾಯ್ದೆಯಲ್ಲಿ ಪರಿಹಾರ ಲೆಕ್ಕ ಹಾಕಿಸಿದರೆ ಮಕ್ಕಳಿಗೆ ವಿಷಯ ನೆಲಕ್ಕಿಳಿಯುತ್ತದೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಯಾರ ಖರ್ಚು ಎಷ್ಟು ಏರುತ್ತದೆ ಎಂಬುದು ಬಾಗಲಕೋಟೆಯ ಮಕ್ಕಳಿಗೆ ಪುಸ್ತಕದ ಪ್ರಶ್ನೆಯೇ ಅಲ್ಲ, ಅವರ ಮನೆಯದು. ಅದಕ್ಕೇ ಸಮೀಕ್ಷೆಗೆ ಹೋಗುವಾಗ ಒಂದು ಎಚ್ಚರ: ಪ್ರಶ್ನಾವಳಿಯಲ್ಲಿ ಹೆಸರು, ಸರ್ವೇ ನಂಬರು, ಬ್ಯಾಂಕ್ ವಿವರ ಕೇಳಬೇಡಿ. ಪರಿಹಾರದ ಪ್ರಕರಣ ಕೋರ್ಟಿನಲ್ಲಿ ಇರುವ ಮನೆಗಳು ಬಹಳ ಇರುತ್ತವೆ.

ಭೂಗೋಳ ಮಂಡಳಿಯ ಅಧ್ಯಕ್ಷರ ಜೊತೆ ಅರ್ಧ ಗಂಟೆ ಕೂತು, ತಿದ್ದಿದ ಘಟಕಗಳಿಗೆ ಆಕ್ಷೇಪವಿಲ್ಲ ಎಂಬ ಅವರ ಪತ್ರ ಪಡೆದು ಲಗತ್ತಿಸಿ.


ತೊರವಿ ರಸ್ತಾ

ಕೊನೀ ಪ್ರಶ್ನೆ, ಫೇಲಾದವರದು. ಠರಾವಿನ್ಯಾಗ ಎರಡ ಸಾಲ ಸೇರಸ್ರಿ: ಹಳೇ ಪತ್ರಿಕೆಯ ಪರೀಕ್ಷಾ ಹಳೇ ಕೋಡಿನ ಮ್ಯಾಲ, ಹಳೇ ಪಠ್ಯಕ್ರಮದಂಗ, ಇನ್ನ ಎಷ್ಟ ಸಲ ನಡೀತದ ಅನ್ನೂದು ಒಂದು, ಅದು ಮುಗಿದ ಮ್ಯಾಲ ಯಾವ ಪತ್ರಿಕೆ ಅದಕ್ಕ ಸಮಾನ ಅನ್ನೂದು ಇನ್ನೊಂದು. ಹೊಸಾ ಪತ್ರಿಕೆಗೆ ಹೊಸಾ ಕೋಡ್ ತೊಗೊಳ್ರಿ, ಹಳೇ ಕೋಡ್ ಮ್ಯಾಲ ಹೊಸಾ ಹೆಸರು ಹಚ್ಚಿದ್ರ ಎರಡ ಥರದ ಪ್ರಶ್ನೆಪತ್ರಿಕೆ ಒಂದೇ ಲಕೋಟೆಗೆ ಬರ್ತಾವ.

ಬ್ಯಾಚಿನ ಮಾತೂ ಹೇಳಿಬಿಡ್ತೀನಿ. 2021, 2022, 2023ರಾಗ ಸೇರಿದವರಿಗೆ ಎನ್‌ಇಪಿ ಪಠ್ಯಕ್ರಮ ನಡೀತು, 2024-25ರಿಂದ ಮೂರು ವರ್ಷದ ಪದವಿ ಮತ್ತ ಬಂತು. ಯಾವ ವರ್ಷ ಸೇರಿದ್ರೋ ಆ ವರ್ಷದ ನಿಯಮ, ಇದ ರೂಢಿ. ಪಠ್ಯದ ಬದಲಾವಣೆ ಸೆಮಿಸ್ಟರ್ ಶುರು ಆಗೂ ಮೊದಲ ಮಂಜೂರಾದ್ರ 2024-25ರ ಬ್ಯಾಚಿಗೆ ಕೊಡ್ರಿ, ನಡೀತದ. 40:60 ಮಾತ್ರ ಮುಂದ ಹೊಸದಾಗಿ ಸೇರೂ ಬ್ಯಾಚಿಗೆ ಇಡ್ರಿ. ಠರಾವಿನ್ಯಾಗ ‘ಮುಂದಿನ ವರ್ಷದಿಂದ’ ಅಂತ ಬರೀಬ್ಯಾಡ್ರಿ. ‘2024-25ನೇ ಸಾಲಿನಲ್ಲಿ ಪ್ರವೇಶ ಪಡೆದು 2026-27ರಲ್ಲಿ ಐದನೆಯ ಸೆಮಿಸ್ಟರ್ ಓದುವವರಿಗೆ ಅನ್ವಯ’ ಅಂತ ಬಿಡಿಸಿ ಬರೀರಿ.